ನೀರನ್ನು ದೂರವಿಡುವ ಪದರಕ್ಕೆ ನೀರೇ ಅಡಿಪಾಯ

ಗಾಜು, ಬೆಣಚುಕಲ್ಲು, ಅಭ್ರಕದಂಥ ಖನಿಜಗಳನ್ನು ಸಿಲೇನ್ ಎಂಬ ರಾಸಾಯನಿಕದ ತೆಳು ದ್ರಾವಣದಲ್ಲಿ ಅದ್ದಿಟ್ಟರೆ, ಸಿಲೇನ್ ಅಣುಗಳು ತಾವಾಗಿಯೇ ಮೇಲ್ಮೈಯಲ್ಲಿ ಒತ್ತೊತ್ತಾಗಿ ನಿಂತು ಒಂದೇ ಅಣುವಿನಷ್ಟು ದಪ್ಪದ ಪದರ ಕಟ್ಟುತ್ತವೆ. ಈ ಪದರದ ಚರಿತ್ರೆ ಹೇಳುವವರು ಸಾಮಾನ್ಯವಾಗಿ 1980ರಿಂದ ಆರಂಭಿಸುತ್ತಾರೆ. ಇಸ್ರೇಲಿನ ರೆಹೋವೋತ್‌ನಲ್ಲಿರುವ ವೈಜ್‌ಮನ್ ಸಂಸ್ಥೆಯ ಜೇಕಬ್ ಸಾಗಿವ್ ತಮ್ಮ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದ್ದು ಆ ವರ್ಷ. ಅಲ್ಲಿಂದ ಮುಂದೆ ಕಥೆ ಸರಾಗವಾಗಿ ಸಾಗುತ್ತದೆ. ಸಿಲೇನ್ ಅಣುವಿನ ಒಂದು ತುದಿಯಲ್ಲಿ ಸಿಲಿಕಾನ್ ಪರಮಾಣು, ಅದಕ್ಕೆ ಮೂರು ಕೈ, ಇನ್ನೊಂದು ಕಡೆ ಇಂಗಾಲದ ಉದ್ದನೆಯ ಬಾಲ. ಖನಿಜದ ಮೈಮೇಲೆ ಸಿಲನಾಲ್ ಎಂದು ಕರೆಯುವ, ಆಮ್ಲಜನಕ ಮತ್ತು ಜಲಜನಕ ಸೇರಿದ ಗುಂಪುಗಳು. ಕೈ ಗುಂಪನ್ನು ಹಿಡಿಯುತ್ತದೆ, ಬಾಲ ಮೇಲಕ್ಕೆ ನಿಲ್ಲುತ್ತದೆ, ಪದರ ಸಿದ್ಧವಾಗುತ್ತದೆ. ಪಠ್ಯಪುಸ್ತಕಗಳಲ್ಲಿ ಇಂದಿಗೂ ಅಚ್ಚಾಗುತ್ತಿರುವ ಚಿತ್ರ ಇದೇ. ಚಿತ್ರ ಅಂದವಾಗಿದೆ, ಆದರೆ ಈ ಕಥೆಯ ಮುಖ್ಯ ಪಾತ್ರವೇ ಅದರಲ್ಲಿಲ್ಲ. ಆ ಪಾತ್ರ ನೀರು. ಯಾವ ನೀರನ್ನು ಹೊರಗಿಡಲೆಂದು ಈ ಪದರವನ್ನು ಕಟ್ಟುತ್ತಾರೋ ಅದೇ ನೀರು, ಖನಿಜದ ಮೈಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅಂಟಿಕೊಂಡು, ಪದರವನ್ನು ಕಟ್ಟಿಕೊಡುತ್ತದೆ. 1940ರಿಂದ 1999ರವರೆಗಿನ ಅರವತ್ತು ವರ್ಷಗಳ ಚರಿತ್ರೆಯನ್ನು ಈ ಒಂದು ಮಾತನ್ನು ಅರಿಯಲು ನಡೆದ ನಿಧಾನದ ಪ್ರಯತ್ನವೆಂದೇ ಓದಬೇಕು ಎಂಬುದು ನನ್ನ ವಾದ.

ಒಂದೇ ಅಣುವಿನ ದಪ್ಪದ ಪದರ ಎಂಬ ಕಲ್ಪನೆ ಹುಟ್ಟಿದ್ದೂ ನೀರಿನ ಮೇಲೆಯೇ. ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪ್ಹಮ್ ಕಾಮನ್‌ನ ಕೆರೆಗೆ ಒಂದು ಟೀ ಚಮಚದಷ್ಟು ಎಣ್ಣೆ ಸುರಿದಾಗ ಅದು ಸುಮಾರು ಅರ್ಧ ಎಕರೆ ಹರಡಿ ಅಲೆಗಳನ್ನು ತಣಿಸಿತು. ಎಣ್ಣೆಯ ದಪ್ಪ ಎಷ್ಟಿರಬಹುದೆಂದು ಅವನು ಲೆಕ್ಕ ಹಾಕಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಆ ಲೆಕ್ಕಕ್ಕೆ ದಾರಿ ತೆರೆದವರು ಜರ್ಮನಿಯ ಬ್ರೌನ್‌ಶ್ವೈಗ್‌ನ ಆಗ್ನೆಸ್ ಪೊಕೆಲ್ಸ್. ವಿಶ್ವವಿದ್ಯಾಲಯದ ಬಾಗಿಲು ತೆರೆಯದಿದ್ದ ಕಾಲದ ಹೆಣ್ಣುಮಗಳು, ಮನೆಯ ಅಡುಗೆಮನೆಯಲ್ಲೇ ಒಂದು ತಗಡಿನ ತೊಟ್ಟಿ ಮಾಡಿಕೊಂಡು ನೀರಿನ ಮೇಲಿನ ಜಿಡ್ಡನ್ನು ಪಟ್ಟಿಯಿಂದ ಸರಿಸಿ, ಸರಿಸಿದಂತೆ ಮೇಲ್ಮೈಯ ಎಳೆತ ಹೇಗೆ ಬದಲಾಗುತ್ತದೆಂದು ಅಳೆದರು. ಅವರ ಪತ್ರವನ್ನು ಲಾರ್ಡ್ ರೇಲಿ 1891ರಲ್ಲಿ ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು. 1917ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇರ್ವಿಂಗ್ ಲ್ಯಾಂಗ್‌ಮ್ಯೂರ್, ಇಂಥ ಪದರದಲ್ಲಿ ಅಣುಗಳು ತಲೆಯನ್ನು ನೀರಿಗಿಟ್ಟು ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆಂದು ತೋರಿಸಿದರು. ಅವರ ಸಹೋದ್ಯೋಗಿ ಕ್ಯಾಥರೀನ್ ಬ್ಲಾಜೆಟ್ ಆ ಪದರವನ್ನು ನೀರಿನಿಂದ ಗಾಜಿನ ಮೇಲಕ್ಕೆ ಎತ್ತಿ, ಒಂದರ ಮೇಲೊಂದು ಪೇರಿಸಿ, 1938ರ ಹೊತ್ತಿಗೆ ಬೆಳಕನ್ನು ಪ್ರತಿಫಲಿಸದ ಗಾಜು ಮಾಡಿದರು. ಆದರೆ ಆ ಪದರಗಳು ಗಾಜಿಗೆ ಅಂಟಿದ್ದು ದುರ್ಬಲ ಸೆಳೆತದಿಂದ, ಒರೆಸಿದರೆ ಹೋಗುತ್ತಿದ್ದವು. 1946ರಲ್ಲಿ ವಾಷಿಂಗ್ಟನ್ನಿನ ನೌಕಾ ಸಂಶೋಧನಾ ಪ್ರಯೋಗಾಲಯದ ಬಿಗಲೊ, ಪಿಕೆಟ್ ಮತ್ತು ಜಿಸ್‌ಮನ್ ಇನ್ನೊಂದು ಹೆಜ್ಜೆ ಇಟ್ಟರು. ತೊಟ್ಟಿಯೂ ಬೇಡ, ಪಟ್ಟಿಯೂ ಬೇಡ. ಉದ್ದ ಬಾಲದ ಅಣುಗಳಿರುವ ದ್ರಾವಣದಲ್ಲಿ ಗಾಜನ್ನೋ ಪ್ಲಾಟಿನಮ್ಮನ್ನೋ ಅದ್ದಿದರೆ ಸಾಕು, ಪದರ ತಾನಾಗಿ ಕಟ್ಟುತ್ತದೆ, ವಸ್ತು ಹೊರಬರುವಾಗ ದ್ರಾವಣ ಅದಕ್ಕೆ ಅಂಟದೆ ಜಾರಿಹೋಗುತ್ತದೆ ಎಂದು ಅವರು ತೋರಿಸಿದರು. ಸ್ವಯಂಜೋಡಣೆಯ ಪ್ರಯೋಗ ಸ್ಪಷ್ಟ ರೂಪ ಪಡೆದದ್ದು ಇಲ್ಲಿ. ಕೊರತೆ ಒಂದೇ: ಪದರ ಗಟ್ಟಿಯಾಗಿ ನಿಲ್ಲುವಂಥ ಬಂಧ ಇರಲಿಲ್ಲ.

ಆ ಬಂಧ ಬಂದದ್ದು ಬೇರೊಂದು ದಿಕ್ಕಿನಿಂದ. ಇಂಗಾಲವೂ ಸಿಲಿಕಾನೂ ಸೇರಿದ ಸಂಯುಕ್ತಗಳನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪಿಂಗ್ ನಾಲ್ಕು ದಶಕ ಅಧ್ಯಯನ ಮಾಡಿದ್ದರು. ಪ್ರಯೋಗದ ಕೊನೆಯಲ್ಲಿ ಪಾತ್ರೆಯ ತಳದಲ್ಲಿ ಉಳಿಯುವ ಅಂಟಂಟು ಪದಾರ್ಥ ಅವರ ಪಾಲಿಗೆ ಬರೀ ಕಿರಿಕಿರಿ. ಈ ಕ್ಷೇತ್ರದಿಂದ ಸದ್ಯಕ್ಕೆ ದೊಡ್ಡ ಪ್ರಯೋಜನ ನಿರೀಕ್ಷಿಸುವಂತಿಲ್ಲ ಎಂದೇ ಅವರು ತಮ್ಮ ಬೇಕೇರಿಯನ್ ಉಪನ್ಯಾಸದಲ್ಲಿ ಹೇಳಿದ್ದರು. ಕೆಲವೇ ವರ್ಷ ಕಳೆದು, 1940ರ ಮೇ 10ರಂದು, ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಯೂಜೀನ್ ರೋಕೊ, ತಾಮ್ರ ಬೆರೆಸಿದ ಸಿಲಿಕಾನನ್ನು ನಳಿಕೆಯಲ್ಲಿ ಕಾಯಿಸಿ ಅದರ ಮೇಲೆ ಮೀಥೈಲ್ ಕ್ಲೋರೈಡ್ ಅನಿಲ ಹಾಯಿಸಿದರು. ಮೀಥೈಲ್‌ಕ್ಲೋರೋಸಿಲೇನ್‌ಗಳು ನೇರವಾಗಿ ಹುಟ್ಟಿದವು. ಜರ್ಮನಿಯಲ್ಲಿ ರಿಚರ್ಡ್ ಮುಲ್ಲರ್ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವತಂತ್ರವಾಗಿ ಅದೇ ವಿಧಾನ ಕಂಡುಕೊಂಡರು. ಇಂದಿಗೂ ಜಗತ್ತಿನ ಸಿಲಿಕೋನ್ ಉದ್ಯಮ ನಿಂತಿರುವುದು ಈ ಮುಲ್ಲರ್-ರೋಕೊ ವಿಧಾನದ ಮೇಲೆ. ಸಿಲೇನ್ ಅಗ್ಗವಾಗಿ ಸಿಗತೊಡಗಿದ ಮೇಲೆ ಅದರ ಗುಣಗಳೂ ಬೆಳಕಿಗೆ ಬಂದವು. ಅದೇ ಪ್ರಯೋಗಾಲಯದ ವಿಂಟನ್ ಪ್ಯಾಟ್ನೋಡ್, ಈ ಕ್ಲೋರೋಸಿಲೇನ್‌ಗಳ ಆವಿ ತಗಲಿದ ಕಾಗದ, ಬಟ್ಟೆ, ಗಾಜು, ಪಿಂಗಾಣಿಗಳು ನೋಟದಲ್ಲಿ ಏನೂ ಬದಲಾಗದೆ ನೀರನ್ನು ಒಲ್ಲದಂತಾಗುತ್ತವೆಂದು ಕಂಡು, 1942ರಲ್ಲಿ ಪೇಟೆಂಟ್ ಪಡೆದರು.

ಯುದ್ಧದ ಕಾಲದಲ್ಲಿ ಇದಕ್ಕೆ ತಕ್ಷಣ ಕೆಲಸ ಸಿಕ್ಕಿತು. ವಿಮಾನದ ರೇಡಿಯೊದಲ್ಲಿ ತಂತಿಗಳನ್ನು ಹಿಡಿದಿಡುವ ಪಿಂಗಾಣಿಯ ಬಿಲ್ಲೆಗಳಿರುತ್ತವೆ. ತೇವದ ಗಾಳಿಯಲ್ಲಿ ಅವುಗಳ ಮೇಲೆ ನೀರು ಒಂದೇ ಹಾಳೆಯಾಗಿ ಹರಡಿ, ಆ ಹಾಳೆಯ ಮೂಲಕ ವಿದ್ಯುತ್ತು ಸೋರಿ, ರೇಡಿಯೊ ಮೂಕವಾಗುತ್ತಿತ್ತು. ಸಿಲೇನ್ ಆವಿ ತಾಗಿಸಿದ ಪಿಂಗಾಣಿಯ ಮೇಲೆ ನೀರು ಹಾಳೆಯಾಗದೆ ಬಿಡಿಬಿಡಿ ಹನಿಯಾಗಿ ಉಳಿಯಿತು. ಹನಿಗಳ ನಡುವೆ ಒಣ ಜಾಗ, ಸೋರಿಕೆಗೆ ದಾರಿಯಿಲ್ಲ. ಈ ಲೇಪಕ್ಕೆ ‘ಡ್ರೈ-ಫಿಲ್ಮ್’ ಎಂದು ಹೆಸರಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿ, ಆ ಕಾಲದ ರಸಾಯನಶಾಸ್ತ್ರಜ್ಞರು ಇದನ್ನು ವಿವರಿಸಿದ ರೀತಿ. ಯಾವ ಘನವಸ್ತುವಿನ ಮೈಮೇಲೂ ಗಾಳಿಯಿಂದ ಬಂದ ತೆಳು ನೀರು ಇದ್ದೇ ಇರುತ್ತದೆ. ಕ್ಲೋರೋಸಿಲೇನ್ ಆವಿ ಮೊದಲು ಕೂಡುವುದು ಆ ನೀರಿನೊಡನೆ. ಕ್ಲೋರಿನ್ ಕಳಚಿ ಹೈಡ್ರೋಕ್ಲೋರಿಕ್ ಆಮ್ಲವಾಗಿ ಹೊರಬೀಳುತ್ತದೆ, ಉಳಿದ ಭಾಗ ಸಿಲಿಕೋನ್ ಪೊರೆಯಾಗಿ ಕೂರುತ್ತದೆ ಎಂದು ಅವರು ಹೇಳಿದರು. ಹತ್ತಿ ಬಟ್ಟೆಗೆ ಆವಿ ಹಿಡಿದಾಗ ಆ ಆಮ್ಲ ನೂಲನ್ನು ತಿನ್ನದಂತೆ ಅಮೋನಿಯಾ ಆವಿಯಿಂದ ಅದನ್ನು ತಣಿಸಬೇಕಿತ್ತು. ಕಾರ್ಖಾನೆಯ ಅನುಭವದಿಂದ ಬಂದ ಈ ವಿವರಣೆಯಲ್ಲಿ ನೀರಿಗೆ ಮೊದಲ ಸ್ಥಾನ ಇತ್ತು. ಮುಂದಿನ ದಶಕಗಳಲ್ಲಿ ಪಠ್ಯಪುಸ್ತಕ ಮರೆತದ್ದು ಇದನ್ನೇ.

ಎರಡನೆಯ ಅಧ್ಯಾಯ ಗಾಜಿನ ನಾರಿನದು. ಗಾಜನ್ನು ಎಳೆಎಳೆಯಾಗಿ ತೆಗೆದು, ಪಾಲಿಯೆಸ್ಟರ್ ರಾಳದಲ್ಲಿ ಕೂರಿಸಿ ಹಗುರವಾದ ಗಟ್ಟಿ ಹಲಗೆ ಮಾಡುವ ವಿದ್ಯೆ 1940ರ ದಶಕದಲ್ಲಿ ಬೆಳೆಯಿತು. ಒಣಗಿದ್ದಾಗ ಆ ಹಲಗೆ ಉಕ್ಕಿನ ಜೊತೆ ಪೈಪೋಟಿಗಿಳಿಯುತ್ತಿತ್ತು. ನೀರಿನಲ್ಲಿ ಬಹಳ ಹೊತ್ತು ಇದ್ದರೆ ಬಲದ ದೊಡ್ಡ ಪಾಲು ಕಳೆದುಕೊಳ್ಳುತ್ತಿತ್ತು. ರಾಳಕ್ಕಿಂತ ನೀರೇ ಗಾಜಿಗೆ ಹತ್ತಿರದ ನಂಟು. ಅದು ನಾರಿನ ಗುಂಟ ಒಳಹೊಕ್ಕು ರಾಳವನ್ನು ಬಿಡಿಸುತ್ತಿತ್ತು. 1947ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಲ್ಫ್ ವಿಟ್ ಅಮೆರಿಕದ ನೌಕಾಪಡೆಗೆ ಕೊಟ್ಟ ವರದಿಯಲ್ಲಿ, ಆಲೈಲ್ ಗುಂಪಿರುವ ಸಿಲೇನ್ ಹಚ್ಚಿದ ನಾರಿನ ಹಲಗೆ, ಬರೀ ಈಥೈಲ್ ಗುಂಪಿನ ಸಿಲೇನ್ ಹಚ್ಚಿದ ಹಲಗೆಗಿಂತ ಎರಡು ಪಟ್ಟು ಗಟ್ಟಿ ಎಂದಿತ್ತು. ಒಂದು ತುದಿ ಗಾಜಿಗೆ, ಇನ್ನೊಂದು ತುದಿ ರಾಳಕ್ಕೆ ಬೆಸೆಯುವ ಸಿಲೇನ್‌ಗಳ ಉದ್ಯಮ ಅಲ್ಲಿಂದ ಬೆಳೆಯಿತು. ಡೌ ಕಾರ್ನಿಂಗ್ ಕಂಪನಿಯ ಎಡ್ವಿನ್ ಪ್ಲೂಡೆಮನ್ ಜೀವಮಾನವಿಡೀ ಇದೊಂದೇ ವಿಷಯಕ್ಕೆ ಅಂಟಿಕೊಂಡರು; 1960ರ ದಶಕದ ಆರಂಭದಲ್ಲಿ ಅವರ ತಂಡ ನೂರಕ್ಕೂ ಹೆಚ್ಚು ಸಿಲೇನ್‌ಗಳನ್ನು ಪರೀಕ್ಷಿಸಿತ್ತು. ಅವರನ್ನು ಕಾಡಿದ ಪ್ರಶ್ನೆ ಇದು: ಸಿಲೇನ್ ಮತ್ತು ಗಾಜಿನ ನಡುವಿನ ಬಂಧವನ್ನು ನೀರು ಒಡೆಯಬಲ್ಲದು ಎಂದಾದ ಮೇಲೆ, ಸಿಲೇನ್ ಹಚ್ಚಿದ ಹಲಗೆ ಕುದಿಯುವ ನೀರಿನಲ್ಲೂ ಹೇಗೆ ಉಳಿಯುತ್ತದೆ? ನೀರು ಒಂದು ಬಂಧವನ್ನು ಒಡೆದಾಗ ಅದೇ ಜಾಗದಲ್ಲಿ, ಅದೇ ನೀರಿನ ನೆರವಿನಿಂದ ಬಂಧ ಮತ್ತೆ ಕೂಡಿಕೊಳ್ಳುತ್ತದೆ, ಸುತ್ತಲಿನ ಗಟ್ಟಿ ಜಾಲ ಅಣುವನ್ನು ದೂರ ಹೋಗಲು ಬಿಡುವುದಿಲ್ಲ ಎಂಬುದು ಅವರ ಉತ್ತರ. ನೀರಿಗೆ ಬಂಧ ಒಡೆಯುವ ಬಲವೂ ಇದೆ, ಬೆಸೆಯುವ ಬಲವೂ ಇದೆ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡ ಮೊದಲ ಗಂಭೀರ ವಿವರಣೆ ಇದೆಂದು ನನ್ನ ಎಣಿಕೆ. ಪ್ಲೂಡೆಮನ್ ಅಧ್ಯಯನ ಮಾಡಿದ್ದು ಒಂದು ಅಣುವಿನ ಪದರವನ್ನಲ್ಲ, ಹಲವು ಅಣುಗಳಷ್ಟು ದಪ್ಪದ ಜಾಲವನ್ನು. ಹಾಗಾಗಿ ಏಕಾಣು ಪದರದ ಚರಿತ್ರೆಯಲ್ಲಿ ಅವರ ಹೆಸರು ಅಡಿಟಿಪ್ಪಣಿಗೆ ಸರಿದಿದೆ. ಇದು ಅನ್ಯಾಯ.

ಇನ್ನು ಸಾಗಿವ್. ಅವರ 1980ರ ಪ್ರಯೋಗದ ವಿಧಾನ ಸರಳ. ಹದಿನೆಂಟು ಇಂಗಾಲದ ಬಾಲವೂ ಮೂರು ಕ್ಲೋರಿನ್ ಕೈಗಳೂ ಇರುವ ಆಕ್ಟಾಡೆಸಿಲ್‌ಟ್ರೈಕ್ಲೋರೋಸಿಲೇನ್, ಚಿಕ್ಕದಾಗಿ ಓಟಿಎಸ್. ಅದರ ತೀರ ತೆಳುವಾದ ದ್ರಾವಣ, ಹೆಕ್ಸಾಡೆಕೇನ್ ಎಂಬ ಎಣ್ಣೆಯಂಥ ದ್ರಾವಕದಲ್ಲಿ ಸ್ವಲ್ಪ ಕಾರ್ಬನ್ ಟೆಟ್ರಾಕ್ಲೋರೈಡ್ ಮತ್ತು ಕ್ಲೋರೋಫಾರ್ಮ್ ಬೆರೆಸಿ ಮಾಡಿದ್ದು. ಚೊಕ್ಕಟ ಮಾಡಿದ ಗಾಜಿನ ಪಟ್ಟಿಯನ್ನು ಅದರಲ್ಲಿ ಇಳಿಬಿಟ್ಟು ಕೆಲವು ನಿಮಿಷ ಬಿಟ್ಟು ಮೇಲೆತ್ತಬೇಕು. ಪದರ ಪೂರ್ತಿಯಾಗಿದ್ದರೆ ಪಟ್ಟಿ ಒಣಗಿಯೇ ಹೊರಬರುತ್ತದೆ. ದ್ರಾವಣದ ಅಂಚು ಪಟ್ಟಿಯ ಮೈಯಿಂದ ಕೆಳಕ್ಕೆ ಜಾರುತ್ತ ಹೋಗುವುದು ಬರಿಗಣ್ಣಿಗೆ ಕಾಣುತ್ತದೆ. ಒರೆಸುವುದು ಬೇಡ, ಆರಿಸುವುದು ಬೇಡ. ಪದರ ಅರೆಬರೆಯಾಗಿದ್ದರೆ ದ್ರಾವಣ ಅಲ್ಲಲ್ಲಿ ಹಿಡಿದುಕೊಂಡಿರುತ್ತದೆ. ಎರಡೂವರೆ ನ್ಯಾನೋಮೀಟರ್ ದಪ್ಪದ ಪದರ ಸರಿಯಾಗಿ ಕಟ್ಟಿತೇ ಇಲ್ಲವೇ ಎಂಬುದನ್ನು ಉಪಕರಣವಿಲ್ಲದೆ ತಿಳಿಯುವ ಈ ಪರೀಕ್ಷೆಯನ್ನು ಪ್ರಯೋಗಾಲಯಗಳು ಇಂದಿಗೂ ಬಿಟ್ಟಿಲ್ಲ. ಸಾಗಿವ್ ಅಲ್ಲಿಗೆ ನಿಲ್ಲಲಿಲ್ಲ. ಓಟಿಎಸ್ ಜೊತೆ ಉದ್ದ ಬಾಲದ ಬಣ್ಣದ ಅಣುಗಳನ್ನು ಬೆರೆಸಿ ಮಿಶ್ರ ಪದರ ಕಟ್ಟಿದರು. ಆಮೇಲೆ ಸರಿಯಾದ ದ್ರಾವಕದಲ್ಲಿ ತೊಳೆದಾಗ ಬಣ್ಣ ಹೋಯಿತು, ಸಿಲೇನ್ ಉಳಿಯಿತು. ಜಿಸ್‌ಮನ್ ಕಾಲದ ಪದರಕ್ಕೆ ಇಲ್ಲದಿದ್ದ ಗಟ್ಟಿತನ ಇದಕ್ಕಿದೆ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಪುರಾವೆ ಬೇಕಿರಲಿಲ್ಲ. ಸಾಗಿವ್ ತಮ್ಮ ಪದರಗಳನ್ನು ಗಾಜಿನ ಮೇಲೆ ಮಾತ್ರ ಕಟ್ಟಲಿಲ್ಲ. ಅಲ್ಯೂಮಿನಿಯಂ, ಪಾಲಿವಿನೈಲ್ ಆಲ್ಕೊಹಾಲ್, ಆಕ್ಸಿಡೀಕರಿಸಿದ ಪಾಲಿಥಿನ್ ಮೇಲೂ ಕಟ್ಟಿದರು. ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಮೇಲ್ಮೈಗಳ ಮೇಲೆಲ್ಲ ಒಂದೇ ಬಗೆಯ ಪದರ ಏಕೆ ಕಟ್ಟಬೇಕು? ಪದರದ ಗುಟ್ಟು ಆಯಾ ಖನಿಜದ ಮೈಯಲ್ಲಿಲ್ಲ, ಎಲ್ಲ ಮೇಲ್ಮೈಗಳಿಗೂ ಸಮಾನವಾದ ಇನ್ನೊಂದರಲ್ಲಿದೆ ಎಂಬ ಸುಳಿವು ಮೊದಲ ಪ್ರಬಂಧದಲ್ಲೇ ಇತ್ತು.

ಆ ಸುಳಿವನ್ನು ಹಿಂಬಾಲಿಸುವುದಕ್ಕೆ ಹತ್ತು ವರ್ಷ ಹಿಡಿಯಿತು. ನಡುವೆ, 1983ರಲ್ಲಿ, ಬೆಲ್ ಪ್ರಯೋಗಾಲಯದ ರಾಲ್ಫ್ ನುಜೊ ಮತ್ತು ಡೇವಿಡ್ ಅಲಾರಾ ಚಿನ್ನದ ಮೇಲೆ ಗಂಧಕದ ತಲೆಯುಳ್ಳ ಅಣುಗಳ ಪದರ ಕಟ್ಟಿದರು. ಅದು ಯಾರು ಮಾಡಿದರೂ ಹೆಚ್ಚುಕಡಿಮೆ ಒಂದೇ ರೀತಿ ಬರುತ್ತಿದ್ದುದರಿಂದ ಸಂಶೋಧಕರ ಒಲವು ಅತ್ತ ಹರಿಯಿತು. ಸಿಲೇನ್ ಪದರ ಹಾಗಲ್ಲ. ಒಂದು ಪ್ರಯೋಗಾಲಯದಲ್ಲಿ ಎರಡು ನಿಮಿಷದಲ್ಲಿ ಪೂರ್ತಿಯಾದ ಪದರ ಇನ್ನೊಂದರಲ್ಲಿ ಇಡೀ ದಿನವಾದರೂ ಆಗುತ್ತಿರಲಿಲ್ಲ. ಕೆಲವೊಮ್ಮೆ ಪದರದ ಬದಲು ಬಿಳಿ ಗಸಿ ಕೂರುತ್ತಿತ್ತು. ಆದರೂ ಚೆನ್ನಾಗಿ ಬಂದ ಪದರಗಳನ್ನು ಅಳೆದು ನೋಡಿದಾಗ ಲೆಕ್ಕ ಸೊಗಸಾಗಿತ್ತು. 1989ರಲ್ಲಿ ಹಾರ್ವರ್ಡಿನ ವಾಸರ್‌ಮನ್, ವೈಟ್‌ಸೈಡ್ಸ್ ಮತ್ತು ಸಂಗಡಿಗರು ಕ್ಷ-ಕಿರಣ ಪ್ರತಿಫಲನದಿಂದ ಅಳೆದು, ಪ್ರತಿ ಅಣುವಿಗೆ ಸುಮಾರು 0.2 ಚದರ ನ್ಯಾನೋಮೀಟರ್ ಜಾಗ, ಅಂದರೆ ಚದರ ನ್ಯಾನೋಮೀಟರಿಗೆ ಐದರ ಆಸುಪಾಸು ಅಣು, ಎಂದು ತೋರಿಸಿದರು. ಅತ್ತ ರಷ್ಯದ ಜುರಾವ್ಲ್ಯೋವ್ ನೂರು ಬಗೆಯ ಸಿಲಿಕಾ ಮಾದರಿಗಳನ್ನು ಪರೀಕ್ಷಿಸಿ, ತೇವವುಂಡ ಸಿಲಿಕಾ ಮೇಲ್ಮೈಯಲ್ಲಿ ಚದರ ನ್ಯಾನೋಮೀಟರಿಗೆ ಸರಾಸರಿ 4.9 ಸಿಲನಾಲ್ ಗುಂಪುಗಳಿರುತ್ತವೆಂದು 1987ರಲ್ಲಿ ಪ್ರಕಟಿಸಿದ್ದರು. ಗುಂಪು ಸುಮಾರು ಐದು, ಅಣುವೂ ಸುಮಾರು ಐದು. ಒಂದಕ್ಕೊಂದು ಕಟ್ಟಿಕೊಂಡಿವೆ ಎಂದು ಯಾರಿಗಾದರೂ ಅನ್ನಿಸೀತು. ಪಠ್ಯಪುಸ್ತಕದ ಚಿತ್ರಕ್ಕೆ ಅಷ್ಟು ಬಲ ಬಂದದ್ದಕ್ಕೆ ಈ ಸಂಖ್ಯೆಗಳ ಹೊಂದಾಣಿಕೆಯೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಆದರೆ ಅದು ಕಾಕತಾಳೀಯ. 0.2 ಚದರ ನ್ಯಾನೋಮೀಟರ್ ಎಂಬುದು ಇಂಗಾಲದ ಬಾಲಗಳು ಒತ್ತಿ ನಿಂತಾಗ ಅವುಗಳಿಗೆ ಬೇಕಾಗುವ ಸ್ವಂತ ಜಾಗ. ಕೆಳಗಿನ ಖನಿಜ ಯಾವುದಾದರೂ ಅದು ಬದಲಾಗದು.

ಇದಕ್ಕೆ ಸಾಕ್ಷಿ ಕೊಟ್ಟದ್ದು ಅಭ್ರಕ. ನಮ್ಮಲ್ಲಿ ಕಾಗೆಬಂಗಾರ ಎನ್ನುವ ಈ ಖನಿಜವನ್ನು ಹಾಳೆಹಾಳೆಯಾಗಿ ಸೀಳಬಹುದು. ಸೀಳಿದ ಮೈ ಪರಮಾಣುವಿನ ಮಟ್ಟದಲ್ಲೂ ಸಮತಟ್ಟು. ಪದರ ಕಟ್ಟಲು ಇದಕ್ಕಿಂತ ಒಳ್ಳೆಯ ನೆಲ ಇಲ್ಲ, ಒಂದು ತೊಡಕಿನ ಹೊರತು: ಹೊಸದಾಗಿ ಸೀಳಿದ ಅಭ್ರಕದ ಮೇಲೆ ಸಿಲೇನ್ ಹಿಡಿಯಬಹುದಾದ ಗುಂಪುಗಳೇ ಇಲ್ಲವೆನ್ನುವಷ್ಟು ಕಡಿಮೆ. ಪಠ್ಯಪುಸ್ತಕದ ಚಿತ್ರ ನಿಜವಾಗಿದ್ದರೆ ಅಲ್ಲಿ ಪದರ ಕಟ್ಟಲೇಬಾರದು. 1991ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕೆಸೆಲ್ ಮತ್ತು ಗ್ರಾನಿಕ್, ಸಿಲೇನನ್ನು ಮೊದಲೇ ನೀರಿನೊಡನೆ ಬೆರೆಸಿ ಅದರ ಕೈಗಳನ್ನು ಬಿಡಿಸಿಕೊಂಡು, ಅಭ್ರಕದ ಮೇಲೆ ಒತ್ತಾದ, ಶಿಸ್ತಾದ, ಗಟ್ಟಿಯಾಗಿ ನಿಲ್ಲುವ ಪದರವನ್ನೇ ಕಟ್ಟಿ ತೋರಿಸಿದರು. ಮರುವರ್ಷ ಸಾಂಟಾ ಬಾರ್ಬರಾದ ಶ್ವಾರ್ಟ್ಸ್, ಇಸ್ರೇಲಾಚ್ವಿಲಿ ಮತ್ತು ಸಂಗಡಿಗರು ಪರಮಾಣು ಬಲ ಸೂಕ್ಷ್ಮದರ್ಶಕದಡಿ ಅಭ್ರಕದ ಮೇಲೆ ಓಟಿಎಸ್ ಬೆಳೆಯುವುದನ್ನು ಹಂತಹಂತವಾಗಿ ನೋಡಿದರು. ಅಣುಗಳು ಒಂದೊಂದಾಗಿ ಬಂದು ನಾಟಿಕೊಂಡಿರಲಿಲ್ಲ. ಅಂಚು ಕವಲೊಡೆದ ದ್ವೀಪಗಳು ಅಲ್ಲಲ್ಲಿ ಮೂಡಿ, ಜಾರಿ ಬಂದ ಅಣುಗಳನ್ನು ಅಂಚಿಗೆ ಸೇರಿಸಿಕೊಂಡು ದೊಡ್ಡದಾಗಿ, ಕೊನೆಗೆ ಒಂದನ್ನೊಂದು ಮುಟ್ಟಿ ಪದರವಾಗುತ್ತಿದ್ದವು. ಅಣು ಅಷ್ಟು ದೂರ ಜಾರಬೇಕಾದರೆ ಅದು ನೆಲಕ್ಕೆ ಕಟ್ಟಿಕೊಂಡಿರಲಾರದು. ಜಾರಲು ನಡುವೆ ಏನೋ ಇರಬೇಕು. ಅದೇನೆಂಬುದನ್ನು ಕೆನಡಾದ ಜೆರಾಕ್ಸ್ ಸಂಶೋಧನಾ ಕೇಂದ್ರದ ಟ್ರಿಪ್ ಮತ್ತು ಹೇರ್ 1992ರಲ್ಲಿ ಸಿಲಿಕಾ ಪುಡಿಯ ಮೇಲೆ ಅವಕೆಂಪು ಬೆಳಕು ಹಾಯಿಸಿ ಕಂಡರು. ಪೂರ್ತಿ ಒಣಗಿಸಿದ ಸಿಲಿಕಾ ಮೇಲೆ ಓಟಿಎಸ್ ಕೋಣೆಯ ಉಷ್ಣಾಂಶದಲ್ಲಿ ಏನೂ ಮಾಡಲಿಲ್ಲ. ಸಿಲನಾಲ್ ಗುಂಪುಗಳು ಇದ್ದಂತೆಯೇ ಇದ್ದವು. ತೆಳು ನೀರು ಇದ್ದಾಗ ಮಾತ್ರ ಕ್ಲೋರಿನ್ ಕಳಚಿತು, ಪದರ ಕಟ್ಟಿತು. 1995ರಲ್ಲಿ ಅಲಾರಾ, ಪಾರಿಖ್ ಮತ್ತು ರಾಂಡಲೆಜ್ ಇದೇ ಓಟಿಎಸ್ಸನ್ನು ಸಿಲಿಕಾ ಮೇಲೆಯೂ, ನೀರು ಹಿಡಿಯುವಂತೆ ಮಾಡಿದ ಚಿನ್ನದ ಮೇಲೆಯೂ ಕಟ್ಟಿ ಹೋಲಿಸಿದರು. ಚಿನ್ನದಲ್ಲಿ ಸಿಲನಾಲ್ ಎಂಬುದೇ ಇಲ್ಲ. ಆದರೂ ಎರಡೂ ಪದರಗಳಲ್ಲಿ ಬಾಲಗಳ ಸಾಲುಗಾರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈ ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟರೆ ಚಿತ್ರ ಬೇರೆಯೇ ಆಗುತ್ತದೆ. ಖನಿಜದ ಮೈಮೇಲೆ ಕೆಲವೇ ಅಣುಗಳಷ್ಟು ದಪ್ಪದ ನೀರಿನ ಪೊರೆ. ಸಿಲೇನ್ ಅದರೊಳಗೆ ತಲೆಯಿಡುತ್ತದೆ, ನೀರು ಅದರ ಕ್ಲೋರಿನ್ ಕಳಚುತ್ತದೆ. ಅಣು ನೀರಿನ ಮೇಲೆ ತೇಲಿಕೊಂಡೇ ಜಾರುತ್ತ ತನ್ನಂಥ ಇತರ ಅಣುಗಳ ಪಕ್ಕ ಹೋಗಿ ನಿಲ್ಲುತ್ತದೆ. ಆಮೇಲೆ ಪಕ್ಕಪಕ್ಕದ ತಲೆಗಳು ಒಂದಕ್ಕೊಂದು, ಅಲ್ಲಲ್ಲಿ ಕೆಳಗಿನ ಖನಿಜಕ್ಕೂ, ಬೆಸೆದುಕೊಳ್ಳುತ್ತವೆ. ಲ್ಯಾಂಗ್‌ಮ್ಯೂರರ ತೊಟ್ಟಿಯಲ್ಲಿ ನಡೆಯುತ್ತಿದ್ದದ್ದೇ ಇಲ್ಲೂ ನಡೆಯುತ್ತಿದೆ. ಇಲ್ಲಿಯ ತೊಟ್ಟಿಯ ಆಳ ಮಾತ್ರ ನ್ಯಾನೋಮೀಟರಿನ ಆಸುಪಾಸು. ಪಕ್ಕಪಕ್ಕದ ತಲೆಗಳೆಲ್ಲ ಬೆಸೆದು ಒಂದೇ ಜಾಲವಾಗುತ್ತವೆಯೇ ಎಂಬ ಪ್ರಶ್ನೆಗೆ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಮಾರ್ಕ್ ಸ್ಟೀವನ್ಸ್ 1999ರಲ್ಲಿ ಬರೀ ರೇಖಾಗಣಿತದಿಂದ ಉತ್ತರ ಕೊಟ್ಟರು. ಎರಡು ಸಿಲಿಕಾನ್ ಪರಮಾಣುಗಳು ನಡುವೆ ಒಂದು ಆಮ್ಲಜನಕ ಇಟ್ಟುಕೊಂಡು ಬೆಸೆದರೆ ಅವುಗಳ ಅಂತರ ಹೆಚ್ಚೆಂದರೆ 0.32 ನ್ಯಾನೋಮೀಟರ್. ಒತ್ತಿ ನಿಂತ ಬಾಲಗಳಿಗೆ ಬೇಕಾದ ಅಂತರ 0.4ಕ್ಕಿಂತ ಹೆಚ್ಚು. ಎಲ್ಲ ತಲೆಗಳೂ ಎಲ್ಲ ನೆರೆಯವರಿಗೂ ಬೆಸೆದರೆ ಮೇಲೆ ಬಾಲಗಳಿಗೆ ನಿಲ್ಲಲು ಜಾಗವೇ ಇರದು. ಹಾಗಾಗಿ ಒಳ್ಳೆಯ ಪದರದಲ್ಲಿ ಬೆಸುಗೆ ಅರೆಬರೆಯೇ ಇರಬೇಕು. ಅಲ್ಲಲ್ಲಿ ಮಾತ್ರ ಮೊಳೆ ಹೊಡೆದು ಹಾಸಿದ ಜಮಖಾನೆಯಂತೆ, ತನ್ನೊಳಗಿನ ಹೆಣಿಗೆಯಿಂದಲೂ ನೆಲದ ಕೆಲವೇ ಹಿಡಿತಗಳಿಂದಲೂ ಅದು ಉಳಿಯುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಹಿಡಿತ ಅಷ್ಟು ಕಡಿಮೆಯಾದರೆ ಪದರ ಇಷ್ಟು ಗಟ್ಟಿಯೇಕೆ? ಕುದಿಯುವ ನೀರು, ದ್ರಾವಕ, ಒರೆಸಾಟ ಇವಕ್ಕೆಲ್ಲ ಅದು ತಡೆದುಕೊಳ್ಳುತ್ತದೆ. ಉತ್ತರ ಪ್ಲೂಡೆಮನ್ ಮೊದಲೇ ಕೊಟ್ಟಿದ್ದರು. ಜಾಲವೊಂದರ ಭಾಗವಾದ ಅಣುವನ್ನು ಕೀಳಬೇಕಾದರೆ ಒಂದು ಬಂಧ ಒಡೆದರೆ ಸಾಲದು, ಅದರ ಸುತ್ತಲಿನ ಎಲ್ಲವೂ ಒಟ್ಟಿಗೆ ಒಡೆಯಬೇಕು. ಒಂದೊಂದಾಗಿ ಒಡೆದದ್ದು ಮತ್ತೆ ಕೂಡುತ್ತಿರುತ್ತದೆ. ಇದರ ಇನ್ನೊಂದು ಮುಖವೂ ನಿಜ: ಕ್ಷಾರದ ದ್ರಾವಣದಲ್ಲಿಟ್ಟರೆ ಇಂಥ ಪದರ ನಿಧಾನವಾಗಿ ಕಳಚಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಒಡೆಯುವ ವೇಗ ಕೂಡುವ ವೇಗವನ್ನು ಮೀರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ನೀರೇ ಇಲ್ಲದೆ, ಖನಿಜದ ಗುಂಪಿಗೆ ನೇರವಾಗಿ ಬೆಸೆದ ಸಿಲೇನ್ ಪದರಗಳು ಜಗತ್ತಿನ ಎಲ್ಲ ಕಡೆ ಬಳಕೆಯಲ್ಲಿವೆ. ಔಷಧ ಕಂಪನಿಗಳು ಗುಳಿಗೆಯ ಗುಣಮಟ್ಟ ನೋಡುವ ದ್ರವ ಕ್ರೊಮೆಟೊಗ್ರಫಿಯ ಕೊಳವೆಯೊಳಗೆ ಹದಿನೆಂಟು ಇಂಗಾಲದ ಬಾಲ ಅಂಟಿಸಿದ ಸಿಲಿಕಾ ಪುಡಿ ತುಂಬಿರುತ್ತದೆ. ಅದರ ಬಹುಪಾಲು ಕೊಳವೆಗಳಲ್ಲಿ ಸಿಲೇನಿಗೆ ಒಂದೇ ಕೈ. ಚಿಪ್ ಕಾರ್ಖಾನೆಯಲ್ಲಿ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಸ್ಪಂದಿಸುವ ರಾಳ ಅಂಟಲೆಂದು ಹೆಕ್ಸಾಮೀಥೈಲ್‌ಡೈಸಿಲಜೇನ್ ಆವಿ ಹಿಡಿಯುವಾಗ, ಬಿಲ್ಲೆಯನ್ನು ಮೊದಲು ಕಾಯಿಸಿ ಅದರ ಮೇಲಿನ ನೀರನ್ನು ಓಡಿಸುತ್ತಾರೆ. ಇವೆರಡೂ ನನ್ನ ವಾದಕ್ಕೆ ವಿರುದ್ಧವೆಂಬಂತೆ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಅದನ್ನೇ ದೃಢಪಡಿಸುತ್ತವೆ. ಒಂದೇ ಕೈಯಿರುವ ಸಿಲೇನ್ ನೆರೆಯವರೊಡನೆ ಜಾಲ ಹೆಣೆಯಲಾರದು. ಅದಕ್ಕೆ ಖನಿಜವನ್ನು ನೇರವಾಗಿ ಹಿಡಿಯುವುದೊಂದೇ ದಾರಿ, ಅದಕ್ಕೆ ಕಾವು ಅಥವಾ ಅಮೈನ್ ವೇಗವರ್ಧಕ ಬೇಕು. ಹಾಗೆ ಹಿಡಿದ ಪದರದಲ್ಲಿ ಅಣುವಿನ ತಲೆಯ ಪಕ್ಕಕ್ಕೆ ಚಾಚಿರುವ ಮೀಥೈಲ್ ಗುಂಪುಗಳು ಕೊಡೆಯಂತೆ ಜಾಗ ಹಿಡಿಯುವುದರಿಂದ, ಚದರ ನ್ಯಾನೋಮೀಟರಿಗೆ ಮೂರು ಅಣುಗಳೂ ಹಿಡಿಯುವುದಿಲ್ಲ. ಬಾಲಗಳು ಒತ್ತಿ ನಿಲ್ಲುವ ಶಿಸ್ತು ಅಲ್ಲಿಲ್ಲ. ಗಟ್ಟಿ ಬಂಧ ಬೇಕೆಂದರೆ ನೀರನ್ನು ಓಡಿಸಬೇಕು, ಶಿಸ್ತಿನ ಪದರ ಬೇಕೆಂದರೆ ನೀರನ್ನು ಇಟ್ಟುಕೊಳ್ಳಬೇಕು. ಇವು ಎರಡು ಬೇರೆ ವಸ್ತುಗಳು, ಎರಡು ಬೇರೆ ಚರಿತ್ರೆಗಳು. ಒಂದೇ ಚಿತ್ರದಲ್ಲಿ ಎರಡನ್ನೂ ಬರೆದದ್ದರಿಂದಲೇ ಗೊಂದಲ ಹುಟ್ಟಿತು.

ಮೂರನೆಯದು, ನೀರು ಹೆಚ್ಚಾದರೆ ಪದರವೇ ಕೆಡುತ್ತದಲ್ಲ ಎಂಬುದು. ಕೆಡುತ್ತದೆ, ನಿಜ. ದ್ರಾವಣದಲ್ಲೇ ನೀರು ಹೆಚ್ಚಿದ್ದರೆ ಸಿಲೇನ್ ಅಣುಗಳು ಗಾಜನ್ನು ಮುಟ್ಟುವ ಮೊದಲೇ ಒಂದನ್ನೊಂದು ಹಿಡಿದು ಗಂಟಾಗುತ್ತವೆ. 1994ರಲ್ಲಿ ಟೊರಾಂಟೊದ ಮೆಕ್‌ಗವರ್ನ್, ಕಲ್ಲೂರಿ ಮತ್ತು ಥಾಂಪ್ಸನ್ ದ್ರಾವಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒತ್ತಾದ ಪದರಕ್ಕೆ 100 ಮಿಲಿಲೀಟರ್ ದ್ರಾವಕದಲ್ಲಿ 0.15 ಮಿಲಿಗ್ರಾಂ ನೀರು ತಕ್ಕದ್ದು ಎಂಬ ಅಳತೆ ಕೊಟ್ಟರು. ಒಂದು ಹನಿಯ ಇನ್ನೂರರಲ್ಲಿ ಒಂದು ಪಾಲೂ ಅಲ್ಲ. ಇದರ ಜೊತೆಗೆ ಉಷ್ಣಾಂಶ. ಪ್ಯಾರಿಸ್ಸಿನ ಬ್ರಜೋಸ್ಕಾ, ಬೆನ್ ಅಜೂಜ್ ಮತ್ತು ರಾಂಡಲೆಜ್ ಅದೇ ವರ್ಷ, ಓಟಿಎಸ್ ಪದರ ಸುಮಾರು 28 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ ಶಿಸ್ತಾಗಿ ಬರುತ್ತದೆ, ಮೇಲೆ ಹೋದರೆ ಬಾಲಗಳು ಅಸ್ತವ್ಯಸ್ತವಾಗುತ್ತವೆ ಎಂದು ತೋರಿಸಿದರು. ಬಾಲ ಗಿಡ್ಡವಾದಷ್ಟೂ ಈ ಗಡಿ ಕೆಳಗಿಳಿಯುತ್ತದೆ. ನೀರಿನ ಮೇಲಿನ ತೇಲುಪದರಗಳಿಗೂ ಇಂಥದೇ ಉಷ್ಣಾಂಶದ ಗಡಿಯಿದೆ. ಸಿಲೇನ್ ಪದರ ಮೊದಲು ತೇಲುಪದರವಾಗಿ ಸಾಲುಗಟ್ಟಿ ಆಮೇಲೆ ಬೆಸೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಾಣದು. 1980ರ ದಶಕದ ಪ್ರಯೋಗಾಲಯಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದೆ ಹೋದದ್ದಕ್ಕೆ ಸಂಶೋಧಕರ ಕೈಚಳಕದ ವ್ಯತ್ಯಾಸ ಕಾರಣವಲ್ಲ. ಒಬ್ಬರ ಕೋಣೆಯಲ್ಲಿ 20 ಡಿಗ್ರಿ ಇತ್ತು, ಇನ್ನೊಬ್ಬರದರಲ್ಲಿ 30. ಒಂದು ಊರಿನ ಗಾಳಿ ಒಣಗಿತ್ತು, ಇನ್ನೊಂದರದು ತೇವವಾಗಿತ್ತು. ಆ ಸಂಖ್ಯೆಗಳನ್ನು ಪ್ರಬಂಧಗಳಲ್ಲಿ ಬರೆಯುವ ರೂಢಿ ಇರಲಿಲ್ಲ.

ಈ ಪದರ ಈಗ ಪ್ರಯೋಗಾಲಯದ ಕುತೂಹಲವಾಗಿ ಉಳಿದಿಲ್ಲ. ಕೂದಲೆಳೆಗಿಂತ ಸಣ್ಣ ಯಂತ್ರಭಾಗಗಳು ಒಂದಕ್ಕೊಂದು ಅಂಟಿ ನಿಂತುಹೋಗದಂತೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1990ರ ದಶಕದಲ್ಲೇ ಓಟಿಎಸ್ ಹಚ್ಚಿ ನೋಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಸಂಜಯ್ ಬಿಸ್ವಾಸ್ ಮತ್ತು ಅವರ ಸಹೋದ್ಯೋಗಿಗಳು ಈ ಶತಮಾನದ ಮೊದಲ ದಶಕದಲ್ಲಿ ಅಲ್ಯೂಮಿನಿಯಂ ಮೇಲೆ ಇದೇ ಪದರ ಕಟ್ಟಿ, ಕಾವಿಗೆ ಅದು ಎಷ್ಟು ತಡೆಯುತ್ತದೆ, ಘರ್ಷಣೆಯನ್ನು ಹೇಗೆ ಬದಲಿಸುತ್ತದೆ ಎಂದು ಅಭ್ಯಾಸ ಮಾಡಿದರು. ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಂವೇದಕಗಳಿಗೋ ಗಾಜಿನ ಲೇಪಕ್ಕೋ ಸಿಲೇನ್ ಬಳಸುವ ವಿದ್ಯಾರ್ಥಿಗಳಿಗೆ ಈ ಚರಿತ್ರೆಯಿಂದ ನೇರ ಪ್ರಯೋಜನವಿದೆ. ಬೇಸಿಗೆಯ ಕಲಬುರಗಿಯ ಗಾಳಿಯೂ ಮಳೆಗಾಲದ ಮಂಗಳೂರಿನ ಗಾಳಿಯೂ ಒಂದೇ ಅಲ್ಲ, ಮತ್ತು ಇವೆರಡರಲ್ಲಿ ಯಾವುದೂ ಪ್ಯಾರಿಸ್ಸಿನ ಪ್ರಯೋಗಾಲಯದ ಗಾಳಿಯಲ್ಲ. ಪುಸ್ತಕದಲ್ಲಿ ಇರುವ ವಿಧಾನವನ್ನು ಇದ್ದ ಹಾಗೆ ಅನುಸರಿಸಿ ಪದರ ಬರಲಿಲ್ಲವೆಂದು ಕೈಚೆಲ್ಲುವ ಮೊದಲು, ಪಟ್ಟಿಯನ್ನು ಅದ್ದಿದ ಹೊತ್ತಿನ ಕೋಣೆಯ ಉಷ್ಣಾಂಶ, ಗಾಳಿಯ ತೇವಾಂಶ, ದ್ರಾವಕದಲ್ಲಿದ್ದ ನೀರು, ಈ ಮೂರನ್ನೂ ಅಳೆದು ದಿನಚರಿ ಪುಸ್ತಕದಲ್ಲಿ ಬರೆದಿಡಿ. ಪ್ರಬಂಧ ಪ್ರಕಟಿಸುವಾಗ ಆ ಮೂರು ಸಂಖ್ಯೆಗಳನ್ನು ಬಿಡದೆ ಕೊಡಿ.